ಅಜ್ಜಿ ಒಂದು ತೊಟ್ಟೂ ಕುಡಿದವರಲ್ಲ, ಮತ್ತೆ ಲಿವರ್ ಹೋಗಿದ್ದು ಹೇಗೆ?

ಅಜ್ಜಿಯ ತಿಥಿಯ ದಿನ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ನೆಂಟರೊಬ್ಬರು ಪಕ್ಕದವರನ್ನು ಮೆಲ್ಲಗೆ ಕೇಳಿದರು: "ಲಿವರ್ ಹೋಗಿತ್ತಂತೆ. ಎಲೆಅಡಿಕೆ ಬಿಟ್ಟರೆ ಬೇರೆ ಏನೂ ಅಭ್ಯಾಸ ಇರಲಿಲ್ಲವಲ್ಲ ಅವರಿಗೆ?" ಮೆಲ್ಲಗೆ ಕೇಳಿದ್ದು ಬಡಿಸುತ್ತಿದ್ದ ಅತ್ತೆಯ ಕಿವಿಗೂ ಬಿತ್ತು. ಸಾರಿನ ಬಕೆಟ್ಟನ್ನು ಅಲ್ಲೇ ಇಟ್ಟು ಅವರು ಒಳಗೆ ಹೋದರು.

ಈ ಅಜ್ಜಿ ನಮ್ಮ ತಂಡದ ಒಬ್ಬರ ತಾಯಿಯ ತಾಯಿ. ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ಮಗ-ಸೊಸೆಯ ಜೊತೆ ಇದ್ದರು. 76 ವರ್ಷ. ಮಗನನ್ನು ಇಲ್ಲಿ ಮಾವ ಎಂದೂ, ಸೊಸೆಯನ್ನು ಅತ್ತೆ ಎಂದೂ ಕರೆಯುತ್ತೇವೆ. ಮನೆಯ ಕಥೆಗಳನ್ನು ಇಲ್ಲಿ ಬರೆಯುವ ರೂಢಿ ನಮಗಿಲ್ಲ. ಯಾವುದೋ ಫಾರ್ವರ್ಡ್ ಹಿಡಿದು ಅದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಹೇಳುವುದಷ್ಟೇ ನಮ್ಮ ಕೆಲಸ. ಆದರೆ ಅಜ್ಜಿ ತೀರಿಕೊಂಡ ಮೂರನೇ ದಿನಕ್ಕೇ ಕುಟುಂಬದ ವಾಟ್ಸಾಪ್ ಗುಂಪಿಗೆ "ಕುಡಿಯದವರ ಲಿವರ್ ಕೂಡ ಹಾಳಾಗುತ್ತಿದೆ! ಏಳು ದಿನ ಬರಿ ಹೊಟ್ಟೆಯಲ್ಲಿ ಈ ರಸ ಕುಡಿದರೆ ಲಿವರ್ ಕ್ಲೀನ್" ಎಂಬ ಸಂದೇಶ ಬಂತು. "ಇದು ಮೊದಲೇ ಗೊತ್ತಿದ್ದರೆ ಅಮ್ಮ ಉಳಿಯುತ್ತಿದ್ದರೇನೋ" ಎಂದು ಮಾವ ಅದರ ಕೆಳಗೆ ಬರೆದರು. ಆ ಒಂದು ಸಾಲಿಗಾಗಿ ಈ ಲೇಖನ.

ಮನೆಯವರು ಅಜ್ಜಿಯ ರಿಪೋರ್ಟುಗಳನ್ನೆಲ್ಲ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಟ್ಟಿದ್ದರು. ಅದನ್ನು ತರಿಸಿಕೊಂಡು, ಪರಿಚಯದ ವೈದ್ಯರೊಬ್ಬರ ಜೊತೆ ಕೂತು, ತಾರೀಕಿನ ಪ್ರಕಾರ ಜೋಡಿಸಿ ಓದಿದೆವು.

ಕುಡಿಯದೆ ಲಿವರ್ ಹೋಗುತ್ತದೆಯೇ?

ಹೋಗುತ್ತದೆ. ಫಾರ್ವರ್ಡಿನ ಮೊದಲ ಸಾಲು ನಿಜ. ಸುಳ್ಳು ಶುರುವಾಗುವುದು ಎರಡನೇ ಸಾಲಿನಿಂದ.

ಲಿವರ್ ಹಾಳಾದ ಕೊನೆಯ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. 1819ರಲ್ಲಿ ಈ ಹೆಸರಿಟ್ಟವರು ಫ್ರಾನ್ಸಿನ ವೈದ್ಯ ಲೆನೆಕ್. ಸ್ಟೆತಾಸ್ಕೋಪ್ ಕಂಡುಹಿಡಿದವರೂ ಅವರೇ. ಶವಪರೀಕ್ಷೆಯಲ್ಲಿ ಕಂಡ ಲಿವರಿನ ಕಂದು-ಹಳದಿ ಬಣ್ಣಕ್ಕೆ ಗ್ರೀಕ್ ಭಾಷೆಯಲ್ಲಿರುವ ಪದದಿಂದ ಆ ಹೆಸರು ಬಂತು. ಹೆಸರಿನಲ್ಲಿ ಹೆಂಡದ ಸುಳಿವೂ ಇಲ್ಲ. ಲಿವರಿನ ಜೀವಕೋಶಗಳಿಗೆ ವರ್ಷಾನುಗಟ್ಟಲೆ ಪೆಟ್ಟು ಬೀಳುತ್ತಲೇ ಇದ್ದರೆ, ಗಾಯ ಮಾಗಿದ ಕಡೆಯಲ್ಲೆಲ್ಲ ಕಲೆ ಉಳಿಯುತ್ತದೆ. ಸುಟ್ಟ ಚರ್ಮ ಮಾಗಿದ ಮೇಲೆ ಗಟ್ಟಿಯಾಗಿ ಎಳೆದುಕೊಂಡಿರುತ್ತದಲ್ಲ, ಹಾಗೆ. ಆ ಕಲೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಮೆತ್ತಗಿದ್ದ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಪೆಟ್ಟು ಕೊಡುವುದು ಹೆಂಡವೇ ಆಗಬೇಕಿಲ್ಲ.

ಅಜ್ಜಿಯ ಪೀಳಿಗೆಯವರಲ್ಲಿ ಮೊದಲು ಅನುಮಾನ ಪಡಬೇಕಾದ್ದು ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳನ್ನು. ಅವರ ಕಾಲದಲ್ಲಿ ಗಾಜಿನ ಸಿರಿಂಜನ್ನು ಸ್ಟೌವಿನ ಮೇಲೆ ಕುದಿಸಿ ಹತ್ತು ಜನರಿಗೆ ಅದೇ ಸೂಜಿ ಚುಚ್ಚುವುದು ಮಾಮೂಲಿ. ಸಿ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ, ಹಾಗಾಗಿ ಅದಕ್ಕೂ ಮೊದಲು ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ರಕ್ತ ಹಾಕಿಸಿಕೊಂಡವರಿಗೆ ಆ ರಕ್ತವನ್ನು ಪರೀಕ್ಷಿಸಿ ಕೊಡುವ ದಾರಿಯೇ ಇರಲಿಲ್ಲ. ಇಂಥ ವೈರಸ್ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕೂತಿರಬಲ್ಲದು. ಅಜ್ಜಿಗೆ ಎರಡೂ ಪರೀಕ್ಷೆ ಮಾಡಿದ್ದರು; ಎರಡೂ ನೆಗೆಟಿವ್.

ಉಳಿದದ್ದು ಸಕ್ಕರೆ ಕಾಯಿಲೆ. ಅಜ್ಜಿಗೆ ಹದಿನೆಂಟು ವರ್ಷದಿಂದ ಡಯಾಬಿಟಿಸ್ ಇತ್ತು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕೊಬ್ಬು ಲಿವರಿನಲ್ಲಿ ಶೇಖರವಾಗುತ್ತದೆ. ಇದನ್ನೇ ನಾವೆಲ್ಲ ಫ್ಯಾಟಿ ಲಿವರ್ ಎನ್ನುತ್ತೇವೆ. ಬಹುಪಾಲು ಜನರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಆ ಕೊಬ್ಬಿನಿಂದ ಉರಿಯೂತ ಶುರುವಾಗಿ, ಕಲೆ ಬೆಳೆದು, ಸಿರೋಸಿಸ್ ತನಕ ಹೋಗುತ್ತದೆ. ಡಯಾಬಿಟಿಸ್ ಇರುವವರು ಈ ಕೆಲವರ ಸಾಲಿಗೆ ಸೇರುವ ಸಾಧ್ಯತೆ ಹೆಚ್ಚು. "ಅಮ್ಮ ದಪ್ಪ ಇರಲೇ ಇಲ್ಲವಲ್ಲ" ಎಂದರು ಮಾವ. ದಪ್ಪ ಇರಬೇಕಿಲ್ಲ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಇರುವ ಮೈಕಟ್ಟು ನಮ್ಮವರಲ್ಲಿ ಬಹಳ. ಆ ಮೈಕಟ್ಟಿಗೂ ಫ್ಯಾಟಿ ಲಿವರ್ ಬರುತ್ತದೆ.

ಈ ಕಾಯಿಲೆಯ ಹಳೆಯ ಹೆಸರು "ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್". ಕುಡಿಯದವರ ಕಾಯಿಲೆಯ ಹೆಸರಿನಲ್ಲೂ ಕುಡಿತವೇ! 2023ರಲ್ಲಿ ತಜ್ಞರ ಸಂಘಗಳು ಈ ಹೆಸರನ್ನು ಕೈಬಿಟ್ಟು, ಚಯಾಪಚಯದ ಏರುಪೇರನ್ನು ಸೂಚಿಸುವ ಎಂಎಎಸ್‌ಎಲ್‌ಡಿ ಎಂಬ ಹೊಸ ಹೆಸರು ಕೊಟ್ಟವು. ಹೆಸರು ಬದಲಾಗಲು ಒಂದು ಕಾರಣ, ಪಂಕ್ತಿಯಲ್ಲಿ ಕೇಳಿಬಂದಂಥ ಪ್ರಶ್ನೆಗಳೇ.

ಲಿವರ್ ಟೆಸ್ಟ್ ನಾರ್ಮಲ್ ಇತ್ತಲ್ಲ?

ಇದು ಮನೆಯವರನ್ನು ಹೆಚ್ಚು ಕಾಡಿದ ಪ್ರಶ್ನೆ. ಐದು ವರ್ಷದ ಹಿಂದಿನ ರಿಪೋರ್ಟು ಕವರಿನಲ್ಲೇ ಇದೆ. ಎಸ್‌ಜಿಒಟಿ 40, ಎಸ್‌ಜಿಪಿಟಿ 36. ಎರಡೂ ಲ್ಯಾಬಿನವರು ಹಾಕಿದ ಮಿತಿಯ ಒಳಗೇ ಇವೆ. "ಲಿವರ್ ಚೆನ್ನಾಗಿದೆ" ಎಂದು ಹೇಳಿ ಕಳಿಸಿದ್ದರು.

ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರಿನ ಜೀವಕೋಶಗಳ ಒಳಗಿರುವ ಕಿಣ್ವಗಳು. ಜೀವಕೋಶ ಒಡೆದಾಗ ಅವು ರಕ್ತಕ್ಕೆ ಸೋರುತ್ತವೆ. ಅಂದರೆ ಈ ಸಂಖ್ಯೆಗಳು ಹೇಳುವುದು ಈ ವಾರ ಲಿವರಿಗೆ ಪೆಟ್ಟು ಬಿದ್ದಿದೆಯೇ ಎಂಬುದನ್ನು. ಇಪ್ಪತ್ತು ವರ್ಷದಿಂದ ಬಿದ್ದ ಪೆಟ್ಟಿನ ಕಲೆ ಎಷ್ಟಿದೆ ಎಂದು ಅವು ಹೇಳುವುದಿಲ್ಲ. ಸಿರೋಸಿಸ್ ಆದವರಲ್ಲೂ ಇವೆರಡು ಸಂಪೂರ್ಣ ನಾರ್ಮಲ್ ಇರಬಹುದು. ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಗೊತ್ತಾಗಬೇಕಾದರೆ ನೋಡಬೇಕಾದ್ದು ಆಲ್ಬುಮಿನ್, ಬಿಲಿರುಬಿನ್ ಮತ್ತು ರಕ್ತ ಹೆಪ್ಪುಗಟ್ಟುವ ಸಮಯವನ್ನು. ಅವೂ ಏರುಪೇರಾಗುವುದು ತಡವಾಗಿಯೇ, ಏಕೆಂದರೆ ಲಿವರಿಗೆ ದೇವರು ಧಾರಾಳವಾಗಿ ಕೊಟ್ಟಿದ್ದಾನೆ: ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರೂ ಆರೋಗ್ಯವಾಗಿರುವ ಲಿವರ್ ಮತ್ತೆ ಬೆಳೆಯುತ್ತದೆ. ಅದರ ಈ ತಾಳ್ಮೆಯಿಂದಲೇ ಕಾಯಿಲೆ ನಮಗೆ ತಡವಾಗಿ ಗೊತ್ತಾಗುವುದು.

ಹಾಗಾದರೆ ಐದು ವರ್ಷದ ಹಿಂದೆ ಯಾವ ಸುಳಿವೂ ಇರಲಿಲ್ಲವೇ? ಇತ್ತು. ಅದೇ ದಿನದ ಇನ್ನೊಂದು ಹಾಳೆಯಲ್ಲಿ, ಯಾರೂ ಲಿವರಿನ ಜೊತೆ ಜೋಡಿಸಿ ಓದದ ಸಾಲಿನಲ್ಲಿ. ಪ್ಲೇಟ್‌ಲೆಟ್: 1.38 ಲಕ್ಷ.

ಪರಂಗಿ ಎಲೆಯ ರಸ

ಪ್ಲೇಟ್‌ಲೆಟ್ ಕನಿಷ್ಠ ಒಂದೂವರೆ ಲಕ್ಷ ಇರಬೇಕು. ಎರಡು ವರ್ಷದ ನಂತರ ಜ್ವರ ಬಂದಾಗ ಅಜ್ಜಿಯದು 1.1 ಲಕ್ಷ. ಡೆಂಗ್ಯೂ ಪರೀಕ್ಷೆ ನೆಗೆಟಿವ್ ಬಂದರೂ "ಯಾವುದೋ ವೈರಲ್ ಇರಬೇಕು" ಎಂದರು. ಗುಂಪಿನಲ್ಲಿ ಪರಂಗಿ ಎಲೆಯ ಫಾರ್ವರ್ಡ್ ಇತ್ತು. ಅತ್ತೆ ಹಿತ್ತಿಲಿನ ಗಿಡದಿಂದ ಎಲೆ ಕಿತ್ತು ಅರೆದು, ಸೋಸಿ, ಹತ್ತು ದಿನ ಕುಡಿಸಿದರು. ಎಷ್ಟು ಕಹಿಯೆಂದರೆ ಅಜ್ಜಿ ಕುಡಿದ ಮೇಲೆ ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಳ್ಳುತ್ತಿದ್ದರಂತೆ. ಇನ್ನೂ ಒಂದೂವರೆ ವರ್ಷ ಕಳೆದ ಮೇಲೆ 92 ಸಾವಿರ. ಮತ್ತೆ ಪರಂಗಿ ಎಲೆ.

ಡೆಂಗ್ಯೂ ಬಂದವರಲ್ಲಿ ಪ್ಲೇಟ್‌ಲೆಟ್ ಇಳಿದು, ವಾರ ಹತ್ತು ದಿನದಲ್ಲಿ ತಾನಾಗಿಯೇ ಏರುತ್ತದೆ. ಆ ಹತ್ತು ದಿನ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಇಳಿಯುತ್ತಾ ಹೋಗುವ ಪ್ಲೇಟ್‌ಲೆಟ್ ಬೇರೆಯೇ ಕಥೆ ಹೇಳುತ್ತದೆ.

ಕರುಳಿನಿಂದ ಮತ್ತು ಗುಲ್ಮದಿಂದ ಹೊರಟ ರಕ್ತವೆಲ್ಲ ಪೋರ್ಟಲ್ ಸಿರೆ ಎಂಬ ಒಂದು ದೊಡ್ಡ ನಾಳದ ಮೂಲಕ ಲಿವರಿಗೆ ಬರುತ್ತದೆ. ಲಿವರ್ ಗಟ್ಟಿಯಾದಂತೆ ಆ ರಕ್ತಕ್ಕೆ ಒಳಗೆ ದಾರಿ ಕಷ್ಟ. ತೂಬು ಕಟ್ಟಿಕೊಂಡ ಕಾಲುವೆಯಲ್ಲಿ ನೀರು ಹಿಂದಕ್ಕೆ ಒತ್ತಿಕೊಂಡು ಬರುವ ಹಾಗೆ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ, ಪ್ಲೇಟ್‌ಲೆಟ್ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನು ಹುಟ್ಟುವುದೂ ಹೆಚ್ಚಾಗಿ ಲಿವರಿನಲ್ಲೇ, ಅದೂ ಕಮ್ಮಿಯಾಗುತ್ತದೆ. ಹೀಗಾಗಿ ಇಳಿಯುವ ಪ್ಲೇಟ್‌ಲೆಟ್, ಲಿವರಿನ ಕಲೆಯ ಬಗ್ಗೆ ಅತಿ ಅಗ್ಗದಲ್ಲಿ ಸಿಗುವ ಸುಳಿವು.

ಇದನ್ನು ಬಳಸಿಕೊಂಡು ವೈದ್ಯರು ಮಾಡುವ ಒಂದು ಸರಳ ಲೆಕ್ಕವಿದೆ. ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು, ಪ್ಲೇಟ್‌ಲೆಟ್ಟನ್ನು (ಸಾವಿರದ ಲೆಕ್ಕದಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಐದು ವರ್ಷದ ಹಿಂದಿನ ಅಜ್ಜಿಯ ಲೆಕ್ಕ ಹಾಕೋಣ. ವಯಸ್ಸು 71, ಎಸ್‌ಜಿಒಟಿ 40, ಗುಣಿಸಿದರೆ 2840. ಪ್ಲೇಟ್‌ಲೆಟ್ 138, ಎಸ್‌ಜಿಪಿಟಿ 36ರ ವರ್ಗಮೂಲ 6, ಗುಣಿಸಿದರೆ 828. ಭಾಗಿಸಿದರೆ 3.43.

ಈ ಸಂಖ್ಯೆ 1.3ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಪ್ರಮಾಣದ ಕಲೆ ಇರುವ ಸಾಧ್ಯತೆ ತೀರಾ ಕಡಿಮೆ. 65 ದಾಟಿದವರಿಗೆ ಈ ಗೆರೆಯನ್ನು 2ಕ್ಕೆ ಏರಿಸುತ್ತಾರೆ, ವಯಸ್ಸೇ ಲೆಕ್ಕವನ್ನು ಮೇಲೆ ಒಯ್ಯುವುದರಿಂದ. 2.67 ದಾಟಿದರೆ ಲಿವರ್ ತಜ್ಞರಿಗೆ ತೋರಿಸಬೇಕು, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಫಿಬ್-4 ಒಂದರಿಂದಲೇ ಸಿರೋಸಿಸ್ ಇದೆ ಎಂದು ಹೇಳಲಾಗದು. ಮುಂದಿನ ಪರೀಕ್ಷೆ ಬೇಕೇ ಬೇಡವೇ ಎಂಬುದನ್ನಷ್ಟೇ ಹೇಳುತ್ತದೆ. ಜ್ವರದ ದಿನಗಳ ರಿಪೋರ್ಟಿನಿಂದ ಹಾಕಿದರೆ ತಪ್ಪು ಉತ್ತರ ಬರುತ್ತದೆ. 35ರ ಕೆಳಗಿನವರಿಗೆ ಈ ಲೆಕ್ಕ ನಂಬುವಂಥದ್ದಲ್ಲ.

3.43 ಎಂದು ಹೇಳಿದಾಗ ಮಾವ ಸುಮ್ಮನಾದರು. "ಹಂಗಾದ್ರೆ ಐದು ವರ್ಷ ಮೊದಲೇ ಗೊತ್ತಾಗ್ಬಹುದಿತ್ತು" ಎಂದರು. ನಾವು ಹೌದು ಎಂದೆವು. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನಮಗೆ ಸರಿಯೆನಿಸಲಿಲ್ಲ. ಗೊತ್ತಾಗಿದ್ದರೆ ಕಲೆಯನ್ನು ಅಳಿಸುವ ಮಾತ್ರೆ ಇರಲಿಲ್ಲ, ನಿಜ. ಆದರೆ ಸಕ್ಕರೆಯನ್ನು ಇನ್ನೂ ಬಿಗಿಯಾಗಿ ಹಿಡಿಯಬಹುದಿತ್ತು, ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಊದಿದ ರಕ್ತನಾಳಗಳಿವೆಯೇ ಎಂದು ನೋಡಬಹುದಿತ್ತು, ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ನಿಲ್ಲಿಸಬಹುದಿತ್ತು. ಸಿರೋಸಿಸ್ ಇರುವವರಲ್ಲಿ ಆ ಜಾತಿಯ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ವಿಚಿತ್ರವೆಂದರೆ ಜನ ಹೆದರುವುದು ಪ್ಯಾರಾಸಿಟಮಾಲ್‌ಗೆ. ವೈದ್ಯರು ಹೇಳಿದ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ದಿನಕ್ಕೆ ಎರಡು ಗ್ರಾಂ ಮೀರದಂತೆ, ಇವರಿಗೆ ಅದೇ ವಾಸಿ.

ಕಣ್ಣು ಹಳದಿಯಾದಾಗ

ತೀರಿಕೊಳ್ಳುವ ಏಳು ತಿಂಗಳ ಮುಂಚೆ ಅಜ್ಜಿಯ ಕಣ್ಣು ಹಳದಿಯಾಯಿತು. ಕಾಮಾಲೆಗೆ ಆಸ್ಪತ್ರೆ ಔಷಧಿ ನಡೆಯುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಾಟಿ ಔಷಧಿ ಕೊಡುವವರ ಹತ್ತಿರ ಕರೆದೊಯ್ದರು. ನೆಲನೆಲ್ಲಿ ಅರೆದು ಕೊಟ್ಟು, ಎಣ್ಣೆ, ಬೇಳೆ, ಮೊಸರು ಏನೂ ಬೇಡ, ಬರೀ ಗಂಜಿ ಎಂದರು. ಮೂರು ವಾರ ಹಾಗೇ ಕಳೆಯಿತು. ಕೆಲವು ಕಡೆ ಇದಕ್ಕೆ ಕೈಗೆ ಬರೆ ಕೂಡ ಹಾಕುತ್ತಾರೆ. ಪುಣ್ಯಕ್ಕೆ ಅದು ಆಗಲಿಲ್ಲ.

ನಾಟಿ ಔಷಧಿಯಿಂದ ಕಾಮಾಲೆ ವಾಸಿಯಾದವರನ್ನು ನೀವು ಕಂಡಿರುವುದು ಸುಳ್ಳಲ್ಲ. ಹುಡುಗರಿಗೆ, ಹರೆಯದವರಿಗೆ ಕೊಳಕು ನೀರಿನಿಂದ ಬರುವ ಕಾಮಾಲೆಗೆ ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ ಕಾರಣ, ಮತ್ತು ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಪರಂಗಿ ಎಲೆಯ ಕಥೆಯೇ ಇಲ್ಲೂ. ಕಾಮಾಲೆ ಒಂದು ಕಾಯಿಲೆಯ ಹೆಸರಲ್ಲ, ಹತ್ತಾರು ಕಾಯಿಲೆಗಳಲ್ಲಿ ಕಾಣುವ ಬಣ್ಣ. ಎಪ್ಪತ್ತು ದಾಟಿದವರ ಕಣ್ಣು ಹಳದಿಯಾದರೆ ಪಿತ್ತನಾಳದ ಕಲ್ಲು, ಗಡ್ಡೆ, ಸಿರೋಸಿಸ್ ಇವುಗಳ ಅನುಮಾನ ಮೊದಲು ಬರಬೇಕು. ಅಲ್ಲಿ ಮೂರು ವಾರ ಬಹಳ ದೊಡ್ಡದು.

ನೆಲನೆಲ್ಲಿಯನ್ನು ವಿಜ್ಞಾನ ತಿರುಗಿಯೂ ನೋಡಿಲ್ಲ ಎಂದು ದೂರುವವರಿಗೆ ಒಂದು ಮಾತು. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ಈ ಗಿಡದ ಪುಡಿ ಕೊಟ್ಟು, ಹಲವರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಜಗತ್ತೇ ತಿರುಗಿ ನೋಡಿತ್ತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಅಮೃತಬಳ್ಳಿಯದು ಇದಕ್ಕಿಂತ ಕಹಿ ಅನುಭವ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈ ವೈದ್ಯರು, ನಂತರ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ, ಅದನ್ನು ಸೇವಿಸಿದ ಕೆಲವರಲ್ಲಿ ಲಿವರಿಗೆ ಹಾನಿಯಾದದ್ದನ್ನು ದಾಖಲಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಲಿವರ್ ಈಗಾಗಲೇ ಸೋತವರ ಮೇಲೆ ಪ್ರಯೋಗ ಮಾಡುವುದು ಬೇಡ ಎಂಬುದು ನಮ್ಮ ನಿಲುವು. "ಏಳು ದಿನದಲ್ಲಿ ಲಿವರ್ ಕ್ಲೀನ್" ರಸಕ್ಕೂ ಇದೇ ಉತ್ತರ. ಲಿವರಿನಲ್ಲಿ ತೊಳೆಯಬೇಕಾದ ಕೊಳೆ ಏನೂ ಕೂತಿರುವುದಿಲ್ಲ. ಇರುವುದು ಕಲೆ, ಅದನ್ನು ಯಾವ ರಸವೂ ತೊಳೆಯದು. ಮಾವ, ಇದು ಮೊದಲೇ ಗೊತ್ತಿದ್ದರೂ ಉಪಯೋಗವಿರಲಿಲ್ಲ.

ಗಂಜಿಯ ಪಥ್ಯದ ಬಗ್ಗೆಯೂ ಹೇಳಬೇಕು. ಸಿರೋಸಿಸ್ ಇರುವವರ ಮಾಂಸಖಂಡ ಬೇಗ ಕರಗುತ್ತದೆ, ಅವರಿಗೆ ಬೇಳೆ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ ಹೆಚ್ಚೇ ಬೇಕು. ರಾತ್ರಿ ಮಲಗುವ ಮುನ್ನವೂ ಏನಾದರೂ ಒಂದಿಷ್ಟು ತಿನ್ನಿಸಬೇಕು. ಕಡಿಮೆ ಮಾಡಬೇಕಾದದ್ದು ಉಪ್ಪನ್ನು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರಿ. ಪ್ರೋಟೀನು ಕಡಿಮೆ ಮಾಡಿ ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದರು, ಹಾಗಾಗಿ ಇದರಲ್ಲಿ ನಾಟಿ ವೈದ್ಯರೊಬ್ಬರನ್ನೇ ದೂರುವುದು ನ್ಯಾಯವಲ್ಲ.

"ನನ್ನ ಬಳೆ ಕದ್ದೆ" ಎಂದು ಬೈದರು

ನಾಲ್ಕನೇ ವಾರಕ್ಕೆ ಹೊಟ್ಟೆ ಊದಿತು. ಆಸ್ಪತ್ರೆಯಲ್ಲಿ ಸಿರೋಸಿಸ್ ಎಂದು ಗೊತ್ತಾಯಿತು, ನೀರು ತೆಗೆದರು, ಮಾತ್ರೆ ಮತ್ತು ಒಂದು ಸಿಹಿ ಸಿರಪ್ ಕೊಟ್ಟು ಮನೆಗೆ ಕಳಿಸಿದರು. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಅಜ್ಜಿ ಬೇರೆಯೇ ಆದರು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಮೊಮ್ಮಗಳನ್ನು ಎಂದೋ ತೀರಿಕೊಂಡ ತಂಗಿಯ ಹೆಸರಿನಿಂದ ಕರೆದರು. ಅಂಗೈ ಮುಂದೆ ಚಾಚಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಅದುರುತ್ತಿತ್ತು. ಮೂವತ್ತು ವರ್ಷ ಜೊತೆಗಿದ್ದ ಸೊಸೆಗೆ "ನನ್ನ ಬಳೆ ಕದ್ದೆ, ಅನ್ನದಲ್ಲಿ ಏನೋ ಹಾಕ್ತೀಯ" ಎಂದರು. ವಯಸ್ಸಾಯಿತು, ಅರಳುಮರಳು ಎಂದರು ಅಕ್ಕಪಕ್ಕದವರು.

ಅರಳುಮರಳು ಅಲ್ಲ. ನಾವು ತಿಂದ ಪ್ರೋಟೀನಿನಿಂದ, ಕರುಳಿನ ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಲಿವರ್ ಸೋತಾಗ ಅಮೋನಿಯಾ ಮತ್ತು ಅಂಥ ಇತರ ವಸ್ತುಗಳು ನೇರ ಮಿದುಳಿಗೆ ಹೋಗುತ್ತವೆ. ಹಗಲು-ರಾತ್ರಿ ಅದಲುಬದಲಾಗುವುದು ಇದರ ಮೊದಲ ಲಕ್ಷಣಗಳಲ್ಲಿ ಒಂದು. ಆಮೇಲೆ ಗೊಂದಲ, ಸಿಟ್ಟು, ಅನುಮಾನ, ಕೊನೆಗೆ ಪ್ರಜ್ಞೆ ತಪ್ಪುವುದು. ಹೆಪಾಟಿಕ್ ಎನ್ಸೆಫಲೋಪತಿ ಎನ್ನುತ್ತಾರೆ. ಮಲಬದ್ಧತೆ, ಸೋಂಕು, ನಿದ್ದೆಮಾತ್ರೆ, ರಕ್ತಸ್ರಾವ ಇವೆಲ್ಲ ಅದನ್ನು ಕೆರಳಿಸುತ್ತವೆ. ಅಜ್ಜಿಯ ಬಾಯಲ್ಲಿ ಆ ಮಾತು ಬರಿಸಿದ್ದು ಈ ಕಾಯಿಲೆ. ಇದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ, ಅಜ್ಜಿ ಬದುಕಿದ್ದಾಗಲೂ, ಹೋದ ಮೇಲೂ.

ಅತ್ತೆಯ ಇನ್ನೊಂದು ಪ್ರಶ್ನೆ ನಮ್ಮ ಕಿವಿಗೆ ಬಿದ್ದದ್ದು ಕೊನೆಯಲ್ಲಿ, ಫೋನ್ ಇಡುವ ಹೊತ್ತಿನಲ್ಲಿ. ಆ ಸಿಹಿ ಸಿರಪ್ ಕುಡಿದಾಗಲೆಲ್ಲ ಅಜ್ಜಿಗೆ ದಿನಕ್ಕೆ ನಾಲ್ಕು ಸಲ ಭೇದಿಯಾಗುತ್ತಿತ್ತು. ಮೊದಲೇ ಸೋತ ಜೀವ, ಇನ್ನೂ ಸುಸ್ತಾಗುತ್ತದೆಂದು ಅವರು ಸಿರಪ್ ನಿಲ್ಲಿಸಿದರು. ಐದನೇ ದಿನ ಅಜ್ಜಿ ಎಚ್ಚರಗೊಳ್ಳಲಿಲ್ಲ. "ನಾನು ನಿಲ್ಲಿಸಿದ್ದಕ್ಕೇ ಹಂಗಾಯ್ತಾ?"

ಆ ಸಿರಪ್ಪಿನ ಹೆಸರು ಲ್ಯಾಕ್ಟುಲೋಸ್. ಮಲಬದ್ಧತೆಗೂ ಅದನ್ನೇ ಕೊಡುತ್ತಾರೆ, ಆದರೆ ಇಲ್ಲಿ ಅದು ಮಿದುಳಿನ ಔಷಧಿ. ನಮ್ಮ ಕರುಳು ಅರಗಿಸಿಕೊಳ್ಳಲಾರದ ಒಂದು ಸಕ್ಕರೆ ಅದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿ ಮಾಡಿದಾಗ ಅಮೋನಿಯಾ ಅಲ್ಲೇ ಸಿಕ್ಕಿಕೊಂಡು ಮಲದ ಜೊತೆ ಹೊರಹೋಗುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು, ಅದೇ ಗುರಿ. ಅದಕ್ಕಿಂತ ಹೆಚ್ಚಾದರೆ ಪ್ರಮಾಣ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ಡಿಸ್ಚಾರ್ಜ್ ಚೀಟಿಯನ್ನು ತಿರುವಿ ನೋಡಿದೆವು. "30 ಎಂಎಲ್, ದಿನಕ್ಕೆ ಮೂರು ಸಲ" ಎಂದಿದೆ, ಅಷ್ಟೇ. ಯಾಕೆ, ಎಷ್ಟು ಸಲ ಆಗಬೇಕು, ಹೆಚ್ಚಾದರೆ ಏನು ಮಾಡಬೇಕು, ಒಂದಕ್ಷರ ಇಲ್ಲ. ಹೇಳಬೇಕಾದವರು ಹೇಳದಿದ್ದ ಮೇಲೆ, ಭೇದಿಯಾಗುತ್ತಿರುವ ಮುದುಕಿಗೆ ಭೇದಿಯ ಔಷಧಿ ನಿಲ್ಲಿಸಿದವರದು ತಪ್ಪು ಹೇಗಾಗುತ್ತದೆ?

ಅದಿರಲಿ, ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಸಿರಪ್ ನಿಂತದ್ದರಿಂದ ಗೊಂದಲ ಹೆಚ್ಚಾಗಿರಬಹುದು. ಆದರೆ ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಹೊಟ್ಟೆಯ ನೀರನ್ನು ಪರೀಕ್ಷಿಸಿದ್ದಾರೆ, ಅದರಲ್ಲಿ ಸೋಂಕು ಇತ್ತು. ಹೊರಗಿನಿಂದ ಯಾವ ಗಾಯವೂ ಇಲ್ಲದೆ ಹೊಟ್ಟೆಯ ನೀರಿಗೆ ತಗಲುವ ಈ ಸೋಂಕು ಒಂದೇ ಸಾಕು, ಪ್ರಜ್ಞೆ ತಪ್ಪಿಸಲು, ಮೂತ್ರಪಿಂಡ ನಿಲ್ಲಿಸಲು. ಅಜ್ಜಿಯ ಮೂತ್ರಪಿಂಡ ನಿಂತೇ ಹೋಗಿತ್ತು. ಹೊಟ್ಟೆಯಲ್ಲಿ ನೀರು ತುಂಬುವ ಹಂತ ತಲುಪಿದವರಲ್ಲಿ, ಲಿವರ್ ಕಸಿ ಆಗದಿದ್ದರೆ, ಎರಡು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಅತ್ತೆಗೆ ಇದಷ್ಟನ್ನೂ ಹೇಳಿದೆವು. "ಸರಿ" ಎಂದರು. ಸಮಾಧಾನವಾಯಿತೋ ಇಲ್ಲವೋ ತಿಳಿಯದು.

ಹಾರ್ಟ್ ಅಟ್ಯಾಕ್ ಅಂತ ಯಾಕೆ ಬರೆದರು?

ಆಸ್ಪತ್ರೆಯ ಕಾಗದದಲ್ಲಿ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಎಂದಿತ್ತು. ಲಿವರ್ ಎಂದವರು ಹಾರ್ಟ್ ಎಂದು ಯಾಕೆ ಬರೆದರು, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಮಾತು ಮನೆಯಲ್ಲಿ ಎದ್ದಿತು. ಆ ಪದಗಳ ಅರ್ಥ ಹೃದಯ ಮತ್ತು ಉಸಿರು ನಿಂತವು ಎಂದಷ್ಟೇ. ಸಾಯುವ ಪ್ರತಿಯೊಬ್ಬರಲ್ಲೂ ಅವು ನಿಲ್ಲುತ್ತವೆ, ಹಾಗಾಗಿ ಅದು ಕಾರಣವೇ ಅಲ್ಲ, ಹಾರ್ಟ್ ಅಟ್ಯಾಕ್ ಅಂತೂ ಅಲ್ಲವೇ ಅಲ್ಲ. ಆಸ್ಪತ್ರೆಯಲ್ಲಿ ಸತ್ತವರಿಗೆ ವೈದ್ಯರು ತುಂಬುವ ನಮೂನೆ 4ರಲ್ಲಿ ತಕ್ಷಣದ ಕಾರಣ ಒಂದು ಸಾಲು, ಅದರ ಹಿಂದಿನ ಕಾರಣ ಮುಂದಿನ ಸಾಲು, ಮೂಲ ಕಾಯಿಲೆ ಕೊನೆಯ ಸಾಲು ಎಂದು ಇರುತ್ತದೆ. ಓದಬೇಕಾದ್ದು ಕೆಳಗಿನ ಸಾಲನ್ನು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ಪ್ರಕಾರ ಸಾವಿನ ಕಾರಣದ ಈ ಪ್ರಮಾಣಪತ್ರದ ಪ್ರತಿಯನ್ನು ಆಸ್ಪತ್ರೆಯವರು ಹತ್ತಿರದ ಸಂಬಂಧಿಗೆ ಕೊಡಬೇಕು. ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಸಿಗುವ ಮರಣ ಪ್ರಮಾಣಪತ್ರ ಬೇರೆ, ಅದರಲ್ಲಿ ಕಾರಣ ಇರುವುದಿಲ್ಲ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಜಗಳಕ್ಕಾಗಿ ಕೇಳಬೇಕಿಲ್ಲ. ತಿಳಿದುಕೊಳ್ಳುವುದಕ್ಕೂ ಕೇಳಬಹುದು.

"ನನ್ನ ಲಿವರ್ ಕೊಡುತ್ತಿದ್ದೆ" ಎಂದ ಮೊಮ್ಮಗನಿಗೂ ಒಂದು ಮಾತು. ಕಾನೂನಿನಲ್ಲಿ ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳೇ, ಕೊಡಲು ಅವಕಾಶವಿದೆ. ಆದರೆ ಕೊಡುವವರ ಲಿವರ್ ಸರಿಯಿದ್ದರೆ ಸಾಲದು, ಪಡೆಯುವವರ ಹೃದಯ, ಶ್ವಾಸಕೋಶ, ಮೈಯ ಶಕ್ತಿ ಅಷ್ಟು ದೊಡ್ಡ ಆಪರೇಷನ್ ತಡೆಯಬೇಕು. 76ರ ವಯಸ್ಸು, ಹದಿನೆಂಟು ವರ್ಷದ ಡಯಾಬಿಟಿಸ್, ಕರಗಿದ ಮೈ, ಮೇಲೆ ಸೋಂಕು: ಈ ಸ್ಥಿತಿಯಲ್ಲಿ ವೈದ್ಯರು ಒಪ್ಪುವುದು ಬಹಳ ಕಷ್ಟವಿತ್ತು.

ಇದು ನಮಗೂ ಬರುತ್ತದೆಯೇ?

ಅಜ್ಜಿಯ ತಟ್ಟೆ ಲೋಟದಿಂದ ಬರುವುದಿಲ್ಲ. ಅವರ ಹಾಸಿಗೆ ಸುಡಬೇಕಾಗಿರಲಿಲ್ಲ. ಆದರೆ ಡಯಾಬಿಟಿಸ್ ಮತ್ತು ಫ್ಯಾಟಿ ಲಿವರ್ ಮನೆತನಗಳಲ್ಲಿ ಹರಿದು ಬರುತ್ತವೆ, ಸ್ವಲ್ಪ ರಕ್ತದಲ್ಲಿ, ಸ್ವಲ್ಪ ಅಡುಗೆಮನೆಯಲ್ಲಿ. ನಿಮ್ಮ ಮನೆಯ ಹಿರಿಯರಿಗೆ ಹೆಪಟೈಟಿಸ್ ಬಿ ಇದ್ದಿದ್ದರೆ ಮಾತ್ರ ವಿಷಯ ಬೇರೆ. ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ ಅದು ದಾಟುತ್ತದೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಿಮಗೆ ಬಂದಿರಬಹುದು. ಮನೆಮಂದಿಯೆಲ್ಲ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಇಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಹೆಪಟೈಟಿಸ್ ಸಿ ಇದ್ದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ನೂರರಲ್ಲಿ ತೊಂಬತ್ತೈದು ಜನ ಪೂರ್ತಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎರಡಕ್ಕೂ ಪರೀಕ್ಷೆ ಮತ್ತು ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಫ್ಯಾಟಿ ಲಿವರ್ ಇರುವವರು ತೂಕ ಹೆಚ್ಚಿದ್ದರೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೆ ಲಿವರಿನ ಉರಿಯೂತ ತಗ್ಗುತ್ತದೆ, ಶುರುವಿನ ಹಂತದ ಕಲೆಯೂ ಹಿಂದಕ್ಕೆ ಸರಿಯಬಹುದು. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರಿನ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಫಿಲ್ಟರ್ ಕಾಫಿಯ ನಾಡಿನವರಿಗೆ ಇದು ಸಿಹಿ ಸುದ್ದಿ, ಸಿಹಿ ಹಾಕಿಕೊಳ್ಳದಿದ್ದರೆ.

ಮಾವನಿಗೆ 52. ಆರು ವರ್ಷದಿಂದ ಡಯಾಬಿಟಿಸ್. ನಮ್ಮ ಮಾತು ಕೇಳಿ ಕಳೆದ ವಾರ ತಿಪಟೂರಿಗೆ ಹೋಗಿ ರಕ್ತ ಕೊಟ್ಟು ಬಂದರು. ಎಸ್‌ಜಿಒಟಿ 38, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.4 ಲಕ್ಷ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಇದೆ. ಫಿಬ್-4 ಲೆಕ್ಕವನ್ನು ಈ ಸಲ ಅವರೇ ಹಾಕಿ ಗುಂಪಿಗೆ ಕಳಿಸಿದರು: 1.18. ಬೆಳಿಗ್ಗೆ ತೋಟದ ಸುತ್ತ ಮೂರು ಸುತ್ತು ಹಾಕುತ್ತಿದ್ದಾರಂತೆ. ರಿಪೋರ್ಟನ್ನು ಅತ್ತೆ ಹೊಸ ಫೈಲಿಗೆ ಹಾಕಿ, ಮೇಲೆ ಮುಂದಿನ ವರ್ಷದ ಪರೀಕ್ಷೆಯ ತಿಂಗಳು ಬರೆದಿಟ್ಟಿದ್ದಾರೆ.